ಯುನಿಟೇರಿಯನ್ ಪ್ರಾರ್ಥನಾಲಯವೊಂದರ ಇತಿಹಾಸ ಮತ್ತು ಸ್ಮಾರಕಗಳು: ಜಮಖಂಡಿಯಿಂದ ಆಕ್ಸ್‌ಫರ್ಡಿಗೆ

ಕೊಹಿನೂರು, ಬಸವಕಲ್ಯಾಣ, ಹುಮನಾಬಾದುಗಳ ಸುತ್ತಲಿನ ಹಳ್ಳಿಗಳಲ್ಲಿ ಧರ್ಮಸೇವೆ ಮಾಡುವವರಿಗೆ ಒಂದು ಪ್ರಶ್ನೆ ಚಿರಪರಿಚಿತ: “ದೇವ್ರು ಒಬ್ನೇ ಅಂತೀರಿ, ಮತ್ತ ಮೂರು ಹೆಸ್ರು ಯಾಕ್ರಿ ಫಾದರ್?”

ಕೇಳುವವರು ವಾದಕ್ಕೆ ನಿಂತವರಲ್ಲ. ಏಕದೇವನಿಷ್ಠೆ ಈ ನೆಲಕ್ಕೆ ಹೊಸದಲ್ಲ, ಅಷ್ಟೆ. ಹನ್ನೆರಡನೆಯ ಶತಮಾನದ ಶರಣರು ಹಲವು ದೈವಗಳ ಆರಾಧನೆಯನ್ನು ತೊರೆದು ಒಬ್ಬನೇ ದೇವನನ್ನು ಅಂಗೈಯ ಇಷ್ಟಲಿಂಗದಲ್ಲಿ ಪೂಜಿಸಿದರು. ಹುಮನಾಬಾದಿನ ಮಗ್ಗುಲಲ್ಲೇ ಇರುವ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817–1865) ಎಲ್ಲ ಮತಗಳನ್ನೂ ಒಪ್ಪಿಕೊಳ್ಳುವ ಸಕಲಮತ ಸಂಪ್ರದಾಯವನ್ನು ಬೆಳೆಸಿದರು. ನಿಜಾಮರ ಆಳ್ವಿಕೆಗೆ ಸೇರಿದ್ದ ಈ ಸೀಮೆಯಲ್ಲಿ ಮಸೀದಿಯ ಕರೆ ದಿನಕ್ಕೆ ಐದು ಬಾರಿ ದೇವರ ಏಕತ್ವವನ್ನು ಸಾರುತ್ತ ಬಂದಿದೆ. ಇಂಥಲ್ಲಿ ನಿಂತು ಪಿತ, ಸುತ, ಪವಿತ್ರಾತ್ಮರನ್ನು ಬೋಧಿಸುವ ಗುರುವು ಕಂಠಪಾಠದ ಉತ್ತರದಿಂದ ಪಾರಾಗಲಾರ. ನೈಸಿಯ ಮಹಾಸಭೆಯ 1700ನೆಯ ವರ್ಷವನ್ನು 2025ರಲ್ಲಿ ಆಚರಿಸಿದಾಗ ನಮ್ಮ ಗುರುಮಠಗಳಲ್ಲಿ ಉಪನ್ಯಾಸಗಳಿಗೆ ಕೊರತೆಯಿರಲಿಲ್ಲ. ಆದರೆ ನೈಸಿಯದ ತೀರ್ಮಾನವನ್ನು ಒಪ್ಪದೆ ಹೊರಗುಳಿದ ಕ್ರೈಸ್ತ ಪರಂಪರೆಯು ಹೇಗೆ ಬಾಳಿತು, ಎಂಥ ಆಲಯಗಳನ್ನು ಕಟ್ಟಿಕೊಂಡಿತು, ಅವುಗಳಲ್ಲಿ ಯಾರನ್ನು ಸ್ಮರಿಸಿತು ಎಂಬುದನ್ನು ನಾವು ಬಹುಮಟ್ಟಿಗೆ ಕಡೆಗಣಿಸಿದೆವು. ಆ ಪರಂಪರೆಯ ಒಂದು ಪ್ರಾರ್ಥನಾಲಯವನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ. ಅದು ಇರುವುದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ. ಆದರೂ ಅದರ ಕಥೆ ಕನ್ನಡನಾಡಿಗೆ ತೀರ ಹೊರಗಿನದಲ್ಲ. ಜಮಖಂಡಿಯಲ್ಲಿ ಹುಟ್ಟಿದ ಒಬ್ಬರು ಅಲ್ಲಿ ಎರಡು ವರ್ಷ ಕಲಿತು ಬಂದರು.

ಗುಡಿಯಿಲ್ಲದವರು ಗುಡಿ ಕಟ್ಟಿದ ಬಗೆ

ಯುನಿಟೇರಿಯನ್ ಎಂಬ ಹೆಸರಿನ ಅರ್ಥ ಸರಳವಾದುದು: ದೇವರು ಒಬ್ಬನೇ ವ್ಯಕ್ತಿ, ತ್ರಿವ್ಯಕ್ತಿಗಳಲ್ಲ ಎನ್ನುವವರು. ಯೇಸುಸ್ವಾಮಿಯನ್ನು ಅವರು ಗುರುವೆಂದು, ದೇವರಿಂದ ಕಳುಹಿಸಲ್ಪಟ್ಟವರೆಂದು ಗೌರವಿಸುತ್ತಾರೆ. ಪಿತನೊಡನೆ ಏಕಸ್ವರೂಪಿಯಾದ ದೇವಸುತನೆಂದು ಒಪ್ಪುವುದಿಲ್ಲ. ಹದಿನಾರನೆಯ ಶತಮಾನದಲ್ಲಿ ಈ ಮಾತಿಗೆ ತೆರಬೇಕಾದ ಬೆಲೆ ದೊಡ್ಡದಿತ್ತು. 1553ರಲ್ಲಿ ಮೈಕೇಲ್ ಸರ್ವೇಟಸನನ್ನು ಜಿನೀವಾದಲ್ಲಿ ಜೀವಂತ ಸುಟ್ಟರು. ಟ್ರಾನ್ಸಿಲ್ವೇನಿಯದಲ್ಲಿ 1568ರ ತೋರ್ದಾ ಶಾಸನವು ಪ್ರತಿಯೊಬ್ಬ ಬೋಧಕನೂ ಶುಭಸಂದೇಶವನ್ನು ತನ್ನ ತಿಳಿವಳಿಕೆಯಂತೆ ಸಾರಬಹುದೆಂದಿತು. ಅದಕ್ಕೆ ಪ್ರೇರಕರಲ್ಲಿ ಒಬ್ಬನಾದ ಫೆರೆಂಕ್ ಡೇವಿಡನೇ ಹನ್ನೊಂದು ವರ್ಷಗಳ ಬಳಿಕ ದೇವಾ ಕೋಟೆಯ ಸೆರೆಯಲ್ಲಿ ಪ್ರಾಣಬಿಟ್ಟನು. ಇಂಗ್ಲೆಂಡಿನಲ್ಲಿ 1689ರ ಸಹಿಷ್ಣುತಾ ಕಾಯಿದೆಯ ನೆರಳು ತ್ರಿತ್ವವನ್ನು ನಿರಾಕರಿಸುವವರ ಮೇಲೆ ಬೀಳಲಿಲ್ಲ. ಕ್ಯಾಟರಿಕ್ ಊರಿನ ಆಂಗ್ಲಿಕನ್ ಗುರು ಥಿಯೋಫಿಲಸ್ ಲಿಂಡ್ಸಿ 1773ರಲ್ಲಿ ತನ್ನ ಪದವಿಯನ್ನು ಬಿಟ್ಟು, ಮರುವರ್ಷ ಏಪ್ರಿಲಿನಲ್ಲಿ ಲಂಡನ್ನಿನ ಎಸೆಕ್ಸ್ ಬೀದಿಯಲ್ಲಿ ಬಹಿರಂಗವಾಗಿ ಯುನಿಟೇರಿಯನ್ ಆರಾಧನೆಯನ್ನು ಆರಂಭಿಸಿದಾಗ ಅದು ಇನ್ನೂ ಕಾನೂನಿಗೆ ವಿರುದ್ಧವೇ ಆಗಿತ್ತು. ನಿರ್ಬಂಧ ತೊಲಗಿದ್ದು 1813ರಲ್ಲಿ.

ಈ ಹಿನ್ನೆಲೆಯಿಂದಲೇ ಅವರ ಹಳೆಯ ಸಭಾಗೃಹಗಳ ರೂಪ ಅರ್ಥವಾಗುತ್ತದೆ. ಶಿಲುಬೆಯಿಲ್ಲ, ಬಲಿಪೀಠವಿಲ್ಲ, ಬಣ್ಣದ ಗಾಜಿಲ್ಲ. ನಡುವೆ ಬೋಧನಾಪೀಠ, ಸುತ್ತ ಬೆಂಚುಗಳು, ಗೋಡೆಯ ಮೇಲೆ ತೀರಿಹೋದ ಬೋಧಕರ ಹೆಸರು ಕೊರೆದ ಶಿಲಾಫಲಕಗಳು. ಸಂತರ ಪ್ರತಿಮೆಗಳಿಗೆ ಎಡೆಯಿಲ್ಲದ ಕಡೆ ಸ್ಮರಣೆಯೆಲ್ಲ ಈ ಫಲಕಗಳಿಗೆ ಬಂದು ಸೇರುವುದು ಸಹಜ. ಅದಕ್ಕೊಂದು ಲೌಕಿಕ ಕಾರಣವೂ ಒದಗಿತು. ಈ ಆಲಯಗಳಲ್ಲಿ ಎಷ್ಟೋ, ಮೂಲತಃ ತ್ರಿತ್ವವನ್ನು ನಂಬಿದ್ದ ಪ್ಯೂರಿಟನ್ನರು ಕಟ್ಟಿಸಿದವು. ಸಭೆಯ ನಂಬಿಕೆ ತಲೆಮಾರುಗಳಲ್ಲಿ ಬದಲಾಯಿತು, ಕಟ್ಟಡ ಅಲ್ಲೇ ಉಳಿಯಿತು. ಹಾಗಾದರೆ ಅದರ ಒಡೆತನ ಯಾರದು? ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿ ಯುನಿಟೇರಿಯನ್ನರು ತಮ್ಮ ಆಲಯಗಳನ್ನೇ ಕಳೆದುಕೊಳ್ಳುವ ಭೀತಿ ಒದಗಿದಾಗ, 1844ರ ಕಾಯಿದೆಯೊಂದು ಅವರನ್ನು ಕಾಪಾಡಿತು: ಮೂಲಪತ್ರದಲ್ಲಿ ನಿರ್ದಿಷ್ಟ ಸಿದ್ಧಾಂತವನ್ನು ಬರೆದಿರದಿದ್ದರೆ, 25 ವರ್ಷ ಅಲ್ಲಿ ನಡೆದುಬಂದ ಬೋಧನೆಯೇ ಪ್ರಮಾಣ. ಈ ಗೋಡೆಗಳ ನಡುವೆ ಯಾರು, ಎಂದಿನಿಂದ, ಏನನ್ನು ಬೋಧಿಸಿದರು ಎಂಬ ನೆನಪಿಗೆ ಹೀಗೆ ಕಾನೂನಿನ ತೂಕವೂ ಬಂದಿತು. ಒಡೆತನ ಭದ್ರವಾದ ಮೇಲೆ ಅವರು ಧೈರ್ಯದಿಂದ ಕಟ್ಟತೊಡಗಿದರು. ಅದೂ ಅಂದಿನ ಆಂಗ್ಲಿಕನ್ನರಂತೆ ಮೊನಚು ಕಮಾನುಗಳ ಗೋಥಿಕ್ ಶೈಲಿಯಲ್ಲಿ. ಸಿದ್ಧಾಂತದಲ್ಲಿ ಮಧ್ಯಯುಗದಿಂದ ದೂರ ಸರಿದವರು ಶಿಲ್ಪದಲ್ಲಿ ಮಧ್ಯಯುಗಕ್ಕೇ ಮರಳಿದ್ದು ವಿಚಿತ್ರವೆನಿಸಬಹುದು.

ಭಾರತದಲ್ಲಿಯೂ ಈ ಪರಂಪರೆಗೆ ಬೇರುಗಳಿವೆ. ಮದ್ರಾಸಿನ ತಮಿಳರಾದ ವಿಲಿಯಂ ರಾಬರ್ಟ್ಸ್ ಲಿಂಡ್ಸಿ ಮೊದಲಾದವರ ಬರಹಗಳನ್ನು ಓದಿ 1795ರಲ್ಲಿ ಒಂದು ಸಭೆಯನ್ನು ಕೂಡಿಸಿದರು. 1813ರಲ್ಲಿ, ಇಂಗ್ಲೆಂಡಿನಲ್ಲಿ ನಿರ್ಬಂಧ ಸಡಿಲವಾದ ವರ್ಷವೇ, ಪುರಸೈವಾಕ್ಕಂನಲ್ಲಿ ಅವರ ಪ್ರಾರ್ಥನಾಲಯ ಎದ್ದಿತು. ಖಾಸಿ ಬೆಟ್ಟಗಳಲ್ಲಿ 1887ರಲ್ಲಿ ಹಜೊಮ್ ಕಿಸ್ಸೊರ್ ಸಿಂಗರು ಆರಂಭಿಸಿದ ಸಭೆ ಇಂದಿಗೂ ಜೀವಂತವಾಗಿದೆ. ಇವೆರಡೂ ಯಾವ ಮಿಷನರಿಯೂ ಬಂದು ಕಟ್ಟಿದವಲ್ಲ ಎಂಬುದನ್ನು ಗಮನಿಸಬೇಕು. ಇನ್ನು ರಾಜಾ ರಾಮಮೋಹನರಾಯರ ಸಂಗತಿ ನಮ್ಮ ಓದುಗರಿಗೆ ತಿಳಿದದ್ದೇ: ಯೇಸುವಿನ ನೀತಿಬೋಧೆಗಳನ್ನು ಬೇರ್ಪಡಿಸಿ 1820ರಲ್ಲಿ ಪ್ರಕಟಿಸಿದರು, ಸೇರಾಂಪುರದ ಮಾರ್ಷ್‌ಮನ್ನರೊಡನೆ ವಾದಕ್ಕಿಳಿದರು, 1833ರ ಸೆಪ್ಟೆಂಬರ್ 27ರಂದು ಬ್ರಿಸ್ಟಲಿನಲ್ಲಿ ತೀರಿಕೊಂಡರು. ಅಲ್ಲಿನ ಲೂಯಿನ್ಸ್ ಮೀಡ್ ಎಂಬ ಯುನಿಟೇರಿಯನ್ ಸಭಾಗೃಹದಲ್ಲಿ ಲ್ಯಾಂಟ್ ಕಾರ್ಪೆಂಟರರು ಅವರಿಗಾಗಿ ಶ್ರದ್ಧಾಂಜಲಿಯ ಪ್ರಬೋಧನೆ ಮಾಡಿದರು. ಆ ಸಭಾಗೃಹ ಇಂದು ಕಚೇರಿಗಳ ಕಟ್ಟಡ. ಆರ್ನೋಸ್ ವೇಲ್ ಸ್ಮಶಾನದಲ್ಲಿ ದ್ವಾರಕಾನಾಥ ಠಾಕೂರರು ರಾಯರಿಗೆ ಕಟ್ಟಿಸಿದ ಛತ್ರಿಯು ಮಾತ್ರ ಸ್ಮಾರಕವಾಗಿಯೇ ನಿಂತಿದೆ.

ಮ್ಯಾನ್ಸ್‌ಫೀಲ್ಡ್ ರಸ್ತೆಯ ಪ್ರಾರ್ಥನಾಲಯ

ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜು ಹುಟ್ಟಿದ್ದು 1786ರಲ್ಲಿ, ಮ್ಯಾಂಚೆಸ್ಟರ್ ನಗರದಲ್ಲಿ. ಆಂಗ್ಲಿಕನ್ ವಿಶ್ವಾಸಸೂತ್ರಗಳಿಗೆ ಸಹಿ ಹಾಕಲೊಪ್ಪದವರಿಗೆ ಅಂದು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿ ದೊರೆಯುತ್ತಿರಲಿಲ್ಲ. ಅಂಥವರಿಗಾಗಿ ತೆರೆದ ವಿದ್ಯಾಲಯವಿದು. ನೆಲೆ ಬದಲಿಸಿದ್ದು ಒಂದೆರಡು ಬಾರಿಯಲ್ಲ: 1803ರಲ್ಲಿ ಯಾರ್ಕಿಗೆ, 1840ರಲ್ಲಿ ಮರಳಿ ಮ್ಯಾಂಚೆಸ್ಟರಿಗೆ, 1853ರಲ್ಲಿ ಲಂಡನ್ನಿಗೆ. 1871ರ ಕಾಯಿದೆಯು ವಿಶ್ವವಿದ್ಯಾಲಯಗಳ ಧಾರ್ಮಿಕ ಪರೀಕ್ಷೆಗಳನ್ನು ತೆಗೆದುಹಾಕಿದ ಮೇಲೆ 1889ರಲ್ಲಿ ಆಕ್ಸ್‌ಫರ್ಡಿಗೆ ಬಂದು, 1893ರಲ್ಲಿ ಸ್ವಂತ ಕಟ್ಟಡವನ್ನು ತೆರೆಯಿತು. ಶಿಲ್ಪಿ ಥಾಮಸ್ ವರ್ದಿಂಗ್ಟನ್, ತಾನೂ ಯುನಿಟೇರಿಯನ್ನನೇ. ನೂರು ವರ್ಷ ಹೊರಗಿಟ್ಟ ಊರಿನಲ್ಲೇ ಕಟ್ಟಿದ ಆ ಕಟ್ಟಡದ ಮೇಲೆ ಸತ್ಯಕ್ಕೆ, ಸ್ವಾತಂತ್ರ್ಯಕ್ಕೆ, ಧರ್ಮಕ್ಕೆ ಅರ್ಪಿತವೆಂಬ ಅರ್ಥದ ಬರಹವಿದೆ. ತತ್ತ್ವಜ್ಞಾನಿಯೂ ಪ್ರಾಂಶುಪಾಲರೂ ಆಗಿದ್ದ ಜೇಮ್ಸ್ ಮಾರ್ಟಿನೋ (1805–1900) ಅವರ ಕುಳಿತ ಭಂಗಿಯ ಪ್ರತಿಮೆ ಗ್ರಂಥಾಲಯದಲ್ಲಿದೆ. 1996ರಿಂದ ಇದು ಹ್ಯಾರಿಸ್ ಮ್ಯಾಂಚೆಸ್ಟರ್ ಎಂಬ ಹೆಸರಿನಲ್ಲಿ ವಿಶ್ವವಿದ್ಯಾಲಯದ ಪೂರ್ಣ ಅಂಗವಾಗಿದೆ.

ಪ್ರಾರ್ಥನಾಲಯದ ಮುಖ್ಯ ಸ್ಮಾರಕ ಅದರ ಬಣ್ಣದ ಗಾಜಿನ ಕಿಟಕಿಗಳು. ಎಡ್ವರ್ಡ್ ಬರ್ನ್-ಜೋನ್ಸ್ ರೇಖಿಸಿ ವಿಲಿಯಂ ಮಾರಿಸನ ಕಾರ್ಯಾಗಾರ ತಯಾರಿಸಿದ, ಸೃಷ್ಟಿಯ ಆರು ದಿನಗಳ ಚಿತ್ರಗಳವು. ಜೇಮ್ಸ್ ಮತ್ತು ಇಸಬೆಲ್ಲಾ ಆರ್ಲೋಶ್ ದಂಪತಿಗಳು, ತಮಗಿಂತ ಮೊದಲೇ ತೀರಿಕೊಂಡ ಮಗ ಗಾಡ್‌ಫ್ರಿಯ ನೆನಪಿಗೆ ಕೊಟ್ಟದ್ದು. ಕಾಲೇಜಿನ ಭೋಜನಶಾಲೆಯೂ ಇದೇ ಮನೆತನದ ಹೆಸರು ಹೊತ್ತಿದೆ.

ಚಿತ್ರಗಳನ್ನು ಸ್ವಲ್ಪ ನಿಂತು ನೋಡಬೇಕು. ಒಂದೊಂದು ದಿನಕ್ಕೆ ಒಬ್ಬ ದೇವದೂತ. ಕೈಯಲ್ಲಿ ಒಂದು ಗೋಳ. ಆ ದಿನ ಸೃಷ್ಟಿಯಾದದ್ದು ಗೋಳದೊಳಗೆ ಕಾಣುತ್ತದೆ. ಮೊದಲ ದಿನ ಒಬ್ಬನೇ ದೂತ. ಎರಡನೆಯ ದಿನ ಅವನ ಹಿಂದೆ ಮೊದಲಿನವನೂ ಇದ್ದಾನೆ. ಹೀಗೆ ದಿನಕ್ಕೊಬ್ಬರಂತೆ ಸೇರುತ್ತ ಆರನೆಯ ದಿನ ಆರು ಮಂದಿ ಒತ್ತಾಗಿ ನಿಲ್ಲುತ್ತಾರೆ. ಮುಂದಿನವನ ಗೋಳದಲ್ಲಿ ಆದಾಮ ಮತ್ತು ಏವೆ. ಅವರ ಕಾಲಬುಡದಲ್ಲಿ ಏಳನೆಯ ದೂತನೊಬ್ಬ ಕುಳಿತು ತಂತಿವಾದ್ಯ ನುಡಿಸುತ್ತಿದ್ದಾನೆ. ಅದೇ ವಿಶ್ರಾಂತಿಯ ದಿನ. ಕಳೆದ ದಿನವು ಅಳಿಯದೆ ಇಂದಿನ ಬೆನ್ನಿಗೆ ನಿಂತಿದೆ. ಕಿಟಕಿಗಳ ತಳಭಾಗದಲ್ಲಿ, ದೇವರನ್ನು ಕಟ್ಟಿಹಾಕದೆ ವಿಶಾಲಗೊಳಿಸಿ ಎನ್ನುವ ಅರ್ಥದ, ಹದಿನೆಂಟನೆಯ ಶತಮಾನದ ಚಿಂತಕ ದಿದರೋವಿಗೆ ಸೇರಿದ ಫ್ರೆಂಚ್ ಮಾತನ್ನು ಬರೆಯಲಾಗಿದೆ. ಪ್ರಾರ್ಥನಾಲಯದಲ್ಲಿ ದಿದರೋ! ನಮ್ಮಲ್ಲಿ ಇದು ನಡೆಯುವಂತಿಲ್ಲ. ನಡೆಯಬೇಕೆಂದೂ ನಾವು ಹೇಳುವುದಿಲ್ಲ.

ದೇವಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಒಂದು ಸೂಕ್ಷ್ಮವಿದೆ. ಈ ರೇಖಾಚಿತ್ರಗಳು ಯುನಿಟೇರಿಯನ್ನರಿಗಾಗಿ ಹೊಸದಾಗಿ ಬರೆದವಲ್ಲ. ಎರಡು ದಶಕಗಳ ಹಿಂದೆಯೇ, 1870ರಲ್ಲಿ, ಮಿಡಲ್ಟನ್ ಚೇನಿ ಎಂಬ ಊರಿನ ಆಂಗ್ಲಿಕನ್ ದೇವಾಲಯಕ್ಕೆ ಇದೇ ಸೃಷ್ಟಿಚಿತ್ರಗಳನ್ನು ಬರ್ನ್-ಜೋನ್ಸ್ ರೂಪಿಸಿದ್ದನು. ಪ್ರತಿ ಭಾನುವಾರ ನೈಸಿಯದ ವಿಶ್ವಾಸಪ್ರಮಾಣವನ್ನು ಹೇಳುವ ಆಲಯಕ್ಕೂ ಅದನ್ನು ಹೇಳದ ಆಲಯಕ್ಕೂ ಅವೇ ದೇವದೂತರು ಸಲ್ಲುತ್ತಾರೆ. ಕಾರಣ, ಚಿತ್ರದಲ್ಲಿ ಸೃಷ್ಟಿಕರ್ತನೇ ಇಲ್ಲ. ಪೂರ್ವಪಿತೃಗಳು ಆದಿಕಾಂಡ 1:26ರ ಬಹುವಚನವನ್ನು ಓದಿದಾಗ ಅಲ್ಲಿ ಪಿತನು ಸುತನೊಡನೆ, ಆತ್ಮನೊಡನೆ ಮಾತನಾಡುವುದನ್ನು ಕೇಳಿದರು. ಯೊವಾನ್ನರ ಶುಭಸಂದೇಶದ ಆರಂಭವು ಸಮಸ್ತವೂ ವಾಣಿಯ ಮೂಲಕ ಉಂಟಾಯಿತೆಂದು ಸಾರುತ್ತದೆ. ಈ ಕಿಟಕಿಗಳು ಅದನ್ನು ಅಲ್ಲಗಳೆಯುವುದಿಲ್ಲ, ಹೇಳುವುದೂ ಇಲ್ಲ. ಶಾಶ್ವತ ಸುತನನ್ನು ಒಪ್ಪದ ಆಲಯದಲ್ಲಿ, ತೀರಿಹೋದ ಒಬ್ಬ ಮಗನ ನೆನಪು ಸೃಷ್ಟಿಯ ಬೆಳಕಿನಲ್ಲಿ ನಿಂತಿದೆ. ಆ ತಂದೆತಾಯಿಯ ದುಃಖವನ್ನು ನಾವು ಗೌರವಿಸುತ್ತೇವೆ. ಆದರೆ ಮಗನನ್ನು ಕಳೆದುಕೊಂಡವರಿಗೆ ಕ್ರೈಸ್ತ ವಿಶ್ವಾಸವು ಕೊಡುವ ಉತ್ತರ ಸೃಷ್ಟಿಯ ಆರನೆಯ ದಿನಕ್ಕೆ ಮುಗಿಯುವುದಿಲ್ಲ; ಪುನರುತ್ಥಾನದ ಮುಂಜಾನೆಯವರೆಗೆ ನಡೆಯುತ್ತದೆ. ದೇವಸುತನೇ ಸಾವಿನೊಳಗೆ ಇಳಿದನೆಂಬ ಮಾತು ನಿಜವಲ್ಲವಾದರೆ ಆ ಉತ್ತರಕ್ಕೆ ಆಧಾರವಿಲ್ಲ. ಅಥನಾಸಿಯುಸರು ಆರಿಯುಸನ ವಿರುದ್ಧ ಪಟ್ಟುಹಿಡಿದದ್ದು ಒಂದು ಪದಕ್ಕಾಗಿ ಎನ್ನುವವರಿಗೆ ಆ ಪದದ ತೂಕ ಇಂಥ ಕಿಟಕಿಯ ಕೆಳಗೆ ನಿಂತಾಗ ತಿಳಿದೀತು.

ಜಮಖಂಡಿಯ ವಿದ್ಯಾರ್ಥಿ

ವಿಠ್ಠಲ ರಾಮಜಿ ಶಿಂದೆಯವರು ಹುಟ್ಟಿದ್ದು 1873ರ ಏಪ್ರಿಲ್ 23ರಂದು, ಅಂದಿನ ಜಮಖಂಡಿ ಸಂಸ್ಥಾನದಲ್ಲಿ. ಮನೆಮಾತು ಮರಾಠಿ, ಊರಿನ ಮಾತು ಕನ್ನಡ, ಮನೆಯ ಭಕ್ತಿ ಪಂಢರಪುರದ ವಿಠ್ಠಲನದು. ಪುಣೆಯಲ್ಲಿ ಓದುವಾಗ ಪ್ರಾರ್ಥನಾ ಸಮಾಜಕ್ಕೆ ಸೇರಿದರು. ಅಮೆರಿಕದ ಯುನಿಟೇರಿಯನ್ ಬೋಧಕ ಜೆ. ಟಿ. ಸಂಡರ್ಲ್ಯಾಂಡ್ 1895–96ರಲ್ಲಿ ಭಾರತಕ್ಕೆ ಬಂದುಹೋದ ಮೇಲೆ, ಬ್ರಾಹ್ಮ ಮತ್ತು ಪ್ರಾರ್ಥನಾ ಸಮಾಜಗಳ ತರುಣರು ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಕಲಿಯಲು ವಿದ್ಯಾರ್ಥಿವೇತನವೊಂದು ಏರ್ಪಟ್ಟಿತ್ತು. ಶಿಂದೆಯವರು 1901ರಲ್ಲಿ ಅಲ್ಲಿಗೆ ಹೋಗಿ 1903ರವರೆಗೆ ಇದ್ದರು. ಅಲ್ಲಿ ತೌಲನಿಕ ಧರ್ಮಶಾಸ್ತ್ರವನ್ನು ಬೋಧಿಸುತ್ತಿದ್ದವರು ಪಾಲಿ ವಿದ್ವಾಂಸ ಜೋಸೆಫ್ ಎಸ್ಟ್ಲಿನ್ ಕಾರ್ಪೆಂಟರ್; ರಾಮಮೋಹನರಾಯರಿಗೆ ಶ್ರದ್ಧಾಂಜಲಿ ನುಡಿದ ಲ್ಯಾಂಟ್ ಕಾರ್ಪೆಂಟರರ ಮೊಮ್ಮಗ. 1833ರ ಬ್ರಿಸ್ಟಲಿನಿಂದ 1901ರ ಆಕ್ಸ್‌ಫರ್ಡಿಗೆ ಒಂದೇ ಮನೆತನದ ಎಳೆಯಿದೆ.

ಊರಿಗೆ ಮರಳಿದ ಶಿಂದೆಯವರು ಯುನಿಟೇರಿಯನ್ ಆಲಯವನ್ನು ಕಟ್ಟಲಿಲ್ಲ. 1906ರ ಅಕ್ಟೋಬರ್ 18ರಂದು ಮುಂಬಯಿಯ ಪರೇಲಿನಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದರು. ಅದರ ಹಿಂದಿನ ಸಂಸ್ಥೆಯೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಅದರ ಅಧ್ಯಕ್ಷರು ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರು. ಹುಬ್ಬಳ್ಳಿಯಲ್ಲಿಯೂ ಅದಕ್ಕೊಂದು ಶಾಖೆಯಿತ್ತು. ‘ಮಿಷನ್’ ಎಂಬ ನಮ್ಮ ಮಾತನ್ನೇ ಅವರು ಎತ್ತಿಕೊಂಡರು, ಮತಾಂತರವನ್ನು ಬಿಟ್ಟರು. 1933ರಲ್ಲಿ ಭಾರತದ ಅಸ್ಪೃಶ್ಯತೆಯ ಪ್ರಶ್ನೆಯನ್ನು ಕುರಿತ ದೊಡ್ಡ ಗ್ರಂಥವನ್ನು ಮರಾಠಿಯಲ್ಲಿ ಹೊರತಂದರು. 1944ರ ಜನವರಿ 2ರಂದು ತೀರಿಕೊಂಡರು.

ಇಲ್ಲಿ ನಾವು ಎರಡು ತಪ್ಪುಗಳನ್ನು ಮಾಡಬಾರದು. ತ್ರಿತ್ವವನ್ನು ಒಪ್ಪದವರೇ ಇಷ್ಟು ಮಾಡಿದರು, ಆದ್ದರಿಂದ ಸಿದ್ಧಾಂತಕ್ಕೆ ಬೆಲೆಯಿಲ್ಲ ಎನ್ನುವುದು ಒಂದು. ತರಗತಿಯಲ್ಲಿ ಆಗಾಗ ಕೇಳಿಬರುವ ಸೋಮಾರಿ ತೀರ್ಮಾನವದು. ಇನ್ನೊಂದು, ಅವರ ದೇವಶಾಸ್ತ್ರ ದೋಷಪೂರ್ಣ, ಆದ್ದರಿಂದ ಅವರ ಕಾರ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ ಎನ್ನುವುದು, ಇದು ಅಹಂಕಾರ. ಧರ್ಮಸಭೆಯ ಶಿಸ್ತು ಈ ವಿಷಯದಲ್ಲಿ ಆರಂಭದಿಂದಲೂ ಸ್ಪಷ್ಟವಾಗಿದೆ. ನೈಸಿಯ ಮಹಾಸಭೆಯ 19ನೆಯ ನಿಯಮವು ಸಮೋಸಾತದ ಪೌಲನ ಅನುಯಾಯಿಗಳು ಧರ್ಮಸಭೆಗೆ ಬಂದರೆ ಅವರಿಗೆ ಮತ್ತೆ ದೀಕ್ಷಾಸ್ನಾನ ಕೊಡಬೇಕೆಂದು ವಿಧಿಸಿತು. ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ, ಧರ್ಮಸಭೆಯ ಉದ್ದೇಶದಿಂದ ಕೊಡದ ಸ್ನಾನವನ್ನು ನಾವು ಇಂದಿಗೂ ದೀಕ್ಷಾಸ್ನಾನವೆಂದು ಎಣಿಸುವುದಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಐಕ್ಯತಾ ಆಜ್ಞಾಪತ್ರ (1964) ಕ್ರಿಸ್ತರನ್ನು ದೇವರೂ ಪ್ರಭುವೂ ಎಂದು ಒಪ್ಪುವವರತ್ತ ಮುಖ ಮಾಡಿದೆ. ಕ್ರೈಸ್ತೇತರ ಧರ್ಮಗಳ ಕುರಿತ ಘೋಷಣೆ (1965) ಹಿಂದೂ, ಬೌದ್ಧ, ಇಸ್ಲಾಂ, ಯೆಹೂದ್ಯರತ್ತ. ಯುನಿಟೇರಿಯನ್ನನು ಈ ಎರಡು ಪತ್ರಗಳ ನಡುವಿನ ಕಣಿವೆಯಲ್ಲಿ ನಿಲ್ಲುತ್ತಾನೆ. ಆದರೆ ಶಿಂದೆಯವರು ಎತ್ತಿದ ಪ್ರಶ್ನೆ ಯಾವ ಕಣಿವೆಯಲ್ಲೂ ನಿಲ್ಲದೆ ನೇರ ನಮ್ಮ ಅಂಗಳಕ್ಕೆ ಬರುತ್ತದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯು ಧರ್ಮಸಭೆಯ ಒಳಗೇ ಅಸ್ಪೃಶ್ಯತೆಯ ಆಚರಣೆ ಉಳಿದಿರುವುದನ್ನು ಒಪ್ಪಿಕೊಂಡಿತು. ತ್ರಿತ್ವದ ಸಹಭಾಗಿತ್ವವನ್ನು ಬಲಿಪೀಠದಲ್ಲಿ ಘೋಷಿಸಿ, ಸ್ಮಶಾನದಲ್ಲಿ ಜಾತಿಗೊಂದು ಸಾಲು ತೋಡುವ ಊರುಗಳಿದ್ದರೆ, ಅಲ್ಲಿ ವಿಶ್ವಾಸಪ್ರಮಾಣವನ್ನು ತಿದ್ದುತ್ತಿರುವವರು ಯಾರು?

ನಮ್ಮ ಗೋಡೆಗಳು

ಕಲ್ಯಾಣದ ಶರಣರು ಸ್ಥಾವರವನ್ನು ಸಂಶಯದಿಂದ ಕಂಡು ಜಂಗಮಕ್ಕೆ ಬೆಲೆ ಕೊಟ್ಟರು. ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಕಥೆ ಈ ಸೀಮೆಯಲ್ಲಿ ಇಂದಿಗೂ ಹಸಿಯಾಗಿದೆ. ಜಾತಿ ಮೀರಿದ್ದಕ್ಕೆ ಆ ತಂದೆಯರು ಕೊಟ್ಟದ್ದು ಪ್ರಾಣ. ಈಗ ಅದೇ ಬಸವಕಲ್ಯಾಣದಲ್ಲಿ ಬಸವಣ್ಣನವರ 108 ಅಡಿ ಎತ್ತರದ ಪ್ರತಿಮೆಯಿದೆ. ಇದನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ಸ್ಥಾವರವನ್ನು ನಿರಾಕರಿಸಿದ ಪರಂಪರೆಗಳೂ ಕಡೆಗೆ ಕಲ್ಲಿಗೇ ಮರಳುತ್ತವೆ; ಚಿತ್ರವಿಲ್ಲದ ಸಭಾಗೃಹದಿಂದ ಬರ್ನ್-ಜೋನ್ಸನ ಕಿಟಕಿಗೆ ಬಂದವರೂ ಅದೇ ದಾರಿ ನಡೆದರು. ಮನುಷ್ಯನು ಮರೆಯಲಾರ, ಮರೆಯುವ ಭಯವನ್ನು ಬಿಡಲಾರ.

ಕಥೋಲಿಕ ದೇವಾಲಯದಲ್ಲಿ ಸ್ಮರಣೆಯ ನೆಲೆ ಬೇರೆ. ವಿಮೋಚನಕಾಂಡ 12:14ರ ಪಾಸ್ಕ ಹಬ್ಬವು ‘ಝಿಕ್ಕಾರೋನ್’, ಸ್ಮಾರಕ. ಲೂಕ 22:19ರಲ್ಲಿ ಪ್ರಭು ತಮ್ಮ ಸ್ಮರಣೆಗಾಗಿ ಮಾಡಬೇಕೆಂದು ಆಜ್ಞಾಪಿಸಿದ್ದೂ ಅಂಥ ಸ್ಮಾರಕವನ್ನೇ. ಕಥೋಲಿಕ ಧರ್ಮೋಪದೇಶ ಗ್ರಂಥವು (1363) ವಿವರಿಸುವಂತೆ ಅದು ಕಳೆದುದನ್ನು ಮೆಲುಕು ಹಾಕುವುದಷ್ಟೇ ಅಲ್ಲ, ದೇವರು ಗೈದ ಕಾರ್ಯವು ಇಂದು ಸನ್ನಿಹಿತವಾಗುವುದು. ಸುತನು ದೇವರಲ್ಲದಿದ್ದರೆ ಬಲಿಪೂಜೆಯ ಸ್ಮರಣೆ ಒಬ್ಬ ಮಹಾಪುರುಷನ ಪುಣ್ಯತಿಥಿಯಾಗಿ ಉಳಿಯುತ್ತದೆ. ಆಗ ಗೋಡೆಯ ಫಲಕವೂ ಬಲಿಪೀಠವೂ ಬಹುತೇಕ ಒಂದೇ ಕೆಲಸ ಮಾಡುತ್ತವೆ.

ಹಾಗೆ ಹೇಳಿದ ಬಳಿಕ ನಮ್ಮ ಗೋಡೆಗಳನ್ನೂ ಒಮ್ಮೆ ನೋಡಿಕೊಳ್ಳಬೇಕು. ಬಲಿಪೀಠವುಳ್ಳ ಆಲಯದಲ್ಲಿ ಫಲಕಗಳು ಕಡಿಮೆಯಿರಬೇಕಿತ್ತು. ಆದರೆ ನಮ್ಮ ಧರ್ಮಕೇಂದ್ರಗಳಲ್ಲಿ ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರು, ಬೆಂಚಿನ ಬೆನ್ನಿಗೆ ದಾನಿಯ ಹೆಸರು, ಬಾಗಿಲಲ್ಲಿ ಉದ್ಘಾಟನೆಯ ಗ್ರಾನೈಟ್ ಕಲ್ಲು. ಅದರಲ್ಲಿ ಆಶೀರ್ವದಿಸಿದವರ, ಉಪಸ್ಥಿತರಿದ್ದವರ, ಗುತ್ತಿಗೆದಾರರ ಹೆಸರು. ಹೊಸ ಗುರುಗಳು ಬಂದು ಜೀರ್ಣೋದ್ಧಾರ ಮಾಡಿದಾಗ ಹಳೆಯ ಕಲ್ಲು ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗುವುದೂ ಉಂಟು. ಆರ್ಲೋಶ್ ದಂಪತಿಗಳು ಮಗನ ಹೆಸರಿಗೆ ಕೊಟ್ಟ ಕಿಟಕಿಯಲ್ಲಿ ನೋಡುವವನ ಕಣ್ಣು ಹೋಗುವುದು ಸೃಷ್ಟಿಯತ್ತ. ಅಷ್ಟು ಸಂಯಮವನ್ನು ನಾವು ಅವರಿಂದ ಕಲಿಯಬಹುದು.

ಈ ಭಾಗದ ಹಳ್ಳಿಗಳಲ್ಲಿ ವಿಶ್ವಾಸವನ್ನು ನೆಟ್ಟವರಲ್ಲಿ ಸೈಕಲ್ಲಿನ ಮೇಲೋ ಕಾಲ್ನಡಿಗೆಯಲ್ಲೋ ತಿರುಗಿದ ಉಪದೇಶಿಗಳಿದ್ದಾರೆ, ತಮ್ಮ ಗುಡಿಸಲಿನ ಪಡಸಾಲೆಯನ್ನೇ ಪೂಜೆಗೆ ಬಿಟ್ಟುಕೊಟ್ಟ ತಾಯಂದಿರಿದ್ದಾರೆ. ಅವರಲ್ಲಿ ಬಹುತೇಕರು ದಲಿತರು. ಗ್ರಾನೈಟಿನ ಮೇಲೆ ಅವರಿಲ್ಲ. ಅವರ ಹೆಸರು ಇರುವುದು ದೀಕ್ಷಾಸ್ನಾನದ ಹಳೆಯ ದಾಖಲೆ ಪುಸ್ತಕದಲ್ಲಿ, ಜ್ಞಾನತಂದೆ, ಜ್ಞಾನತಾಯಿ ಎಂಬ ಕಾಲಮಿನಲ್ಲಿ. ಎಷ್ಟೋ ಕಡೆ ಒಂದೇ ಹೆಸರು ಇಪ್ಪತ್ತು, ಮೂವತ್ತು ಮಕ್ಕಳ ಎದುರಿಗೆ. ಪ್ರಾಯೋಗಿಕ ವರ್ಷಕ್ಕೆ ಹೋಗುವ ಸಹೋದರರು ಆ ಪುಸ್ತಕವನ್ನು ಧರ್ಮಕೇಂದ್ರದ ಗುರುಗಳ ಅನುಮತಿ ಪಡೆದು ತೆರೆಯಲಿ, ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ನವೆಂಬರ್ 2ರ ಬಲಿಪೂಜೆಯಲ್ಲಿ, ಮೃತರ ಸ್ಮರಣೆಯ ಸ್ಥಳ ಬಂದಾಗ, ಅವನ್ನು ಒಂದೊಂದಾಗಿ ಓದಲು ಐದು ನಿಮಿಷ ಸಾಕು.